ಜಾಲಿ ಮರಕ್ಕ ಕಟ್ಟಿದ ಕೆಂಪು ಅರಿವಿ

ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಹೊಲದಾಗಿನ ಜಾಲಿ ಕೀಳೋದು ನನ್ನ ಕಸುಬು. ಕೊಟ್ಟೂರು, ಹಡಗಲಿ ಕಡಿಗೂ ಕರೀತಾರ. ಈ ಕಸುಬಿನಾಗ ಮುಳ್ಳಿಗಿಂತ ಮಂದೀನ ಜಾಸ್ತಿ ಚುಚ್ತಾರ್ರಿ. ಎಲ್ಲಾ ಊರಿನ ಕತಿ ಹೇಳಾಕ ಹೊತ್ತು ಸಾಲಂಗಿಲ್ಲ. ಗುಡೇಕೋಟಿ ಹತ್ರ ನಮ್ಮೂರಾಗ, ಒಬ್ಬನ ಹೊಲದಾಗ ನಡದದ್ದಷ್ಟ ಕೇಳ್ರಿ. ಹೊಲದ ಯಜಮಾನಗ ಮಳಿ ಬರೋದರೊಳಗ ಹೊಲ ಹಸನಾಗಬೇಕಿತ್ತು. "ಹದ ತಪ್ಪಿದ್ರ ಈ ಸಲ ಬಿತ್ತಿಗಿ ಇಲ್ಲ, ತಡಾ ಮಾಡಬ್ಯಾಡ ಮಾರಾಯಾ" ಅಂತ ಮನಿಗೇ ಬಂದು ಕೈ ಹಿಡದಿದ್ದ.

ಬುದ್ಧಿ ಹೇಳೋರು

ಮೊದಲನೇ ಜಾಲಿಗೆ ಸರಪಳಿ ಬಿಗಿದು ಎಳದೆ. ಮರ ಬರಲಿಲ್ಲ, ಟ್ರ್ಯಾಕ್ಟರಿನ ಮುಂದಿನ ಗಾಲಿ ಮ್ಯಾಲ ಎದ್ದವು. ಅಷ್ಟೊತ್ತಿಗೆ ಊರ ಕಟ್ಟಿ ಮ್ಯಾಲ ಕುಂದ್ರೋ ಹಿರೇರು ಮೂವರು ಬದುವಿಗೆ ಬಂದು ನಿಂತಿದ್ರು. "ಎಡಕ್ಕ ಎಳಿಯಲೇ" ಅಂತ ಒಬ್ರು, "ಬಲಕ್ಕ" ಅಂತ ಇನ್ನೊಬ್ರು. "ಜೇಸಿಬಿ ಆಗಿದ್ರ ಇಷ್ಟೊತ್ತಿಗೆ ಕೆಲಸ ಮುಗಿಸಿ ಮನಿಗೆ ಹೋಗಿರ್ತಿತ್ತು" ಅಂತ ಮೂರನೇದವ್ರು. ನನಗ ಪಿತ್ತ ನೆತ್ತಿಗೇರಿತು.

"ಮುಂದ ಭಾರ ಕಡಿಮಿ ಆಗೈತ್ರಿ. ದೊಡ್ಡ ಮನಸ್ಸು ಮಾಡಿ ಬಂಪರ್ ಮ್ಯಾಲ ಕುಂದರ್ರಿ" ಅಂದೆ.

ಮೂವರೂ ಬಲು ಜಂಬದಿಂದ ಏರಿ ಕುಂತ್ರು. ಗಾಡಿ ಒಮ್ಮೆ ಮುಗಿಲಿಗೆ ಎದ್ದು ಧಡ್ ಅಂತ ಕೆಳಗ ಬಿತ್ತು. ಮರ ಬುಡಸಮೇತ ಬಂತು. ಇಳದವ್ರು ಪಂಜಿ ಸರಿ ಮಾಡ್ಕೊಂತ ಸೀದಾ ಊರ ದಾರಿ ಹಿಡದ್ರು.

"ಮುಂದಿನದು ಎಡಕ್ಕೋ ಬಲಕ್ಕೋ, ಹೇಳಿ ಹೋಗ್ರಿ!" ಅಂತ ಕೂಗಿದೆ.

ಇದೊಂದು ಬಿಡಪ್ಪ

"ಒಂದೂ ಬಿಡಬ್ಯಾಡ" ಅಂದಿದ್ದ ಯಜಮಾನ. ಆದ್ರ ಅವನ ತಾಯಿ, ಮುದುಕಿ, ಕೋಲೂರ್ಕೊಂತ ನನ್ನ ಹಿಂದ ಬಂದಳು.

"ಇದನ್ನ ಬಿಡಪ್ಪ, ಎಮ್ಮಿ ಮೈ ತಿಕ್ಕೊಳ್ಳತೈತಿ."

ಮುಂದಿನದಕ್ಕ ಹೋದೆ. "ಇದೂ ಬಿಡು, ಇದರ ನೆಳ್ಳಾಗ ನಾನು ಬುತ್ತಿ ಉಣ್ತೀನಿ."

"ಅಜ್ಜಿ, ಅದರಾಚಿದು?"

"ಅಯ್ಯ, ಅದಂತೂ ಬೇಕೇ ಬೇಕು. ಸೊಸಿ ಮ್ಯಾಲ ಸಿಟ್ಟು ಬಂದ್ರ ಅದರ ಬುಡಕ್ಕ ಕುಂತು ಅಳ್ತೀನಿ."

ಆ ಕಡಿಯಿಂದ ಸೊಸಿ ಕೂಗಿದಳು: "ಅದನ್ನ ಬಿಡಣ್ಣ, ನಂದೂ ಅದೇ ಜಾಗ!"

ಹೂ ಕೇಳಿದ್ದು

ಸಂಜಿತನಕ ಹಿಂಗ ಜಗ್ಗಾಡಿ, ಕೊನಿಗೆ ಕೀಳೋದು ಒಂದ ಉಳೀತು. ಹೊಲದ ಬಾಯಿಗೆ ಅಡ್ಡ ನಿಂತ ದೊಡ್ಡ ಜಾಲಿ. ನನ್ನ ಟ್ರ್ಯಾಕ್ಟರ್ ಹೆಂಗೋ ಅದರ ಬಾಜೂಕ ತೂರಿತ್ತು, ಬಿತ್ತೋ ಅಗಲದ ಕೂರಿಗಿ ತೂರಂಗಿಲ್ಲ. ಕತ್ತಲಾಗಿತ್ತಂತ ಸರಪಳಿ ಬಿಗಿದು ಟ್ರ್ಯಾಕ್ಟರ್ ಅಲ್ಲೇ ನಿಲ್ಲಿಸಿದೆ. ಬೆಳಗಾದ್ರ ಅಜ್ಜಿ ಇದೂ ಬೇಕು ಅಂದಾಳು ಅಂತ, ಕೀಳೋ ಗುರುತಿಗೆ ಸೀಟಿನ ಕೆಳಗಿನ ಕೆಂಪು ಅರಿವಿ ಟೊಂಗಿಗೆ ಕಟ್ಟಿದೆ. ಖರೇ ಹೇಳಬೇಕಂದ್ರ ಅದು ನನ್ನ ಹಳೇ ಚಡ್ಡಿ ತುಂಡು. ಹೆಂಡತಿ ಹಸರು ದಾರದಾಗ ಹೊಲದು ಹೊಲದು ಬ್ಯಾಸತ್ತು "ಒಲಿಗೆ ಹಾಕ್ರಿ" ಅಂದಿದ್ದಳು. ನಾನು ಗಾಡಿ ಒರಸಾಕ ಇಟ್ಕೊಂಡಿದ್ದೆ.

ರಾತ್ರಿ ಮಳಿ ಬಂತು. ಮುಂಜಾನಿ ಹೋಗಿ ನೋಡ್ತೀನಿ, ಹದ ಕೂಡೈತಿ, ಯಜಮಾನ ಕೂರಿಗಿ ಸಮೇತ ಹಾದ್ಯಾಗ ನಿಂತಾನ, ಮುಖ ಮಾತ್ರ ಕಪ್ಪಿಟ್ಟೈತಿ. ಮರದ ಬುಡಕ್ಕ ಅರಿಷಿಣ, ಕುಂಕುಮ, ಒಡದ ಕಾಯಿ, ಹಸರು ಬಳಿ! ಟೊಂಗಿ ಮ್ಯಾಲ ಕೆಂಪು ಅರಿವಿ ಏರಿದ ಕೂಡ್ಲೇ ಮಳಿ ಬಂತಂತ, ಮರದಾಗ ಅವ್ವ ನೆಲಿಸ್ಯಾಳಂತ. ಊರ ಹೆಣ್ಮಕ್ಕಳೆಲ್ಲ ಸೇರ್ಯಾರ. ಮುಂದ ನಿಂತು ಆರತಿ ಎತ್ತೋಳು ನನ್ನ ಹೆಂಡತಿ.

"ಅವ್ವ ಇರೋ ಮರ ಕಿತ್ರ ವಂಶ ಉಳಿತೈತೇನೋ?" ಅಂತ ಅಜ್ಜಿ ಮಗನ ಮ್ಯಾಲ ಕೋಲೆತ್ತಿದಳು.

"ಬಿಸಲು ಏರಾಕತ್ತೈತಿ, ಹದ ಆರತೈತಿ, ಏನಾರ ಮಾಡೋ" ಅಂತ ಅಂವ ನನಗ ಅಳೋ ದನಿಯಾಗ ಅಂದ. ಪಾಪ ಅನಿಸ್ತು. ಆದ್ರ ಖರೇ ಹೇಳಾಕ ಬಾಯಿ ಬರಲಿಲ್ಲ. ಹೇಳಿದ್ರ ಮರಕ್ಕಿಂತ ಮೊದಲ ನನ್ನ ಕಿತ್ತಿರ್ತಿದ್ರು.

"ಅಜ್ಜಿ, ಹೂ ಕೇಳೋಣ" ಅಂದೆ. ಹೂ ಇಟ್ಟು ಬೇಡ್ಕೊಳ್ಳೋದು, ಬಲಕ್ಕ ಬಿದ್ರ ದೇವರ ಒಪ್ಪಿಗಿ. ಅಜ್ಜಿ ಟೊಂಗಿ ಮ್ಯಾಲ ಕಣಗಿಲ ಹೂ ಇಟ್ಟು "ಯವ್ವಾ, ಬ್ಯಾರೆ ಕಡಿ ಹೋಗಾಕ ಮನಸ್ಸಿದ್ರ ಬಲಕ್ಕ ಕೊಡು" ಅಂದಳು. ಹೂ ಮಿಸುಕಲಿಲ್ಲ. ಯಜಮಾನ ಮುಗಿಲು ನೋಡಿದ, ನನ್ನ ನೋಡಿದ.

"ದೇವರಿಗೆ ವಾದ್ಯ ಬ್ಯಾಡೇನ್ರಿ?" ಅಂದವನೇ ಟ್ರ್ಯಾಕ್ಟರ್ ಚಾಲೂ ಮಾಡಿ, ಸರಪಳಿ ಬಿಗಿ ಆಗೋ ಅಷ್ಟ ಮುಂದಕ್ಕ ಬಿಟ್ಟೆ. ಮರ ಗಡಗಡ ನಡುಗಿತು. ಹೂ ಬಲಕ್ಕ ಬಿತ್ತು.

"ಕೊಟ್ಲು! ಕೊಟ್ಲು!" ಅಂತ ಅಜ್ಜಿ ಕುಣದಾಡಿದಳು. ತಾನೇ ಟೊಂಗಿಯಿಂದ ಕೆಂಪು ಅರಿವಿ ಬಿಚ್ಚಿದಳು. ಮರ ಬಂತು, ಕೂರಿಗಿ ಒಳಗ ಹೋತು, ಯಜಮಾನನ ಮುಖ ಅರಳಿತು.

ಅಷ್ಟಕ್ಕ ಮುಗೀಬೇಕಲ್ಲ! ಅಜ್ಜಿ ಆ ಅರಿವಿ ನನ್ನ ಹೆಂಡತಿ ಕೈಯಾಗ ಇಟ್ಟಳು. "ಅವ್ವ ಇನ್ನ ನಿಮ್ಮ ಟ್ರ್ಯಾಕ್ಟರಿನಾಗ ಇರ್ತಾಳ. ಮುತ್ತೈದಿ ನೀನು, ಕಣ್ಣಿಗೆ ಒತ್ಕೊಂಡು ಕಟ್ಟವ್ವ."

ಹೆಂಡತಿ ಭಕ್ತಿಯಿಂದ ಕಣ್ಣಿಗೆ ಒತ್ಕೊಂಡಳು. ಹಂಗ ನಿಂತುಬಿಟ್ಟಳು. ಹಸರು ದಾರದ ಹೊಲಿಗಿ ಮ್ಯಾಲ ಬೆರಳಾಡಿಸಿದಳು. ಅರಿವಿ ನೋಡಿದಳು, ನನ್ನ ನೋಡಿದಳು. ಮಹಾತಾಯಿ ಅದನ್ನ ಬಾನೆಟ್ಟಿಗೆ ಕಟ್ಟಿ, ಎಲ್ಲಾರ ಮುಂದ ಕೈ ಮುಗಿದು, ನನ್ನ ಕಿವಿ ಹತ್ರ ಬಂದು ಮೆಲ್ಲಕ ಅಂದಳು:

"ಮನಿಗೆ ಬರ್ರಿ. ಅಲ್ಲಿ ನಿಮ್ಮನ್ನ ಕೀಳಾಕ ನಾ ಹೂವು-ಗೀವು ಏನೂ ಕೇಳಂಗಿಲ್ಲ."