ಕರಿ ಲೆನ್ಸಿನ ಭಾವ

ನಮ್ಮ ಭಾವ ಯಾರ ಜಾತಿಯನ್ನೂ ಕೇಳಿದವರಲ್ಲ. ಆದರೆ ಲೆನ್ಸಿನ ಬಣ್ಣ ಯಾವುದೆಂದು ತಿಳಿಯದೆ ಯಾವ ಫೋಟೋಗ್ರಾಫರನ ಜೊತೆಗೂ ಚಹಾ ಕುಡಿದವರಲ್ಲ!

ಭಾವ ಎಂದರೆ ಅಕ್ಕನ ಗಂಡ. ಚಿತ್ರದುರ್ಗ ಜಿಲ್ಲೆಯ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಪಂದ್ಯಗಳ ಚಿತ್ರ ತೆಗೆದು ಪತ್ರಿಕೆಗಳಿಗೆ ಕೊಡುವುದು ಅವರ ಕಸುಬು. ಈ ಕಸುಬಿನಲ್ಲಿ ಬಹಳ ಕಾಲ ಎರಡೇ ಕಂಪನಿಗಳ ದರಬಾರು. ಒಂದರ ದೊಡ್ಡ ಲೆನ್ಸು ಕಪ್ಪು, ಇನ್ನೊಂದರದು ಬಿಳಿ. ಒಂದರ ಲೆನ್ಸು ಇನ್ನೊಂದರ ಕ್ಯಾಮೆರಾಕ್ಕೆ ಕೂರುವುದಿಲ್ಲ. ಹಾಗಾಗಿ ಜಿಲ್ಲೆಯಲ್ಲಿ ಕರಿ ಪಾರ್ಟಿ, ಬಿಳಿ ಪಾರ್ಟಿ. ಬೇಕಾದ ಲೆನ್ಸುಗಳನ್ನೆಲ್ಲ ಕೊಳ್ಳುವ ತಾಕತ್ತು ನಮ್ಮ ಕಡೆ ಯಾರಿಗಿದೆ? ಒಬ್ಬರದನ್ನು ಒಬ್ಬರು ಇಸ್ಕೊಂಡೇ ಬದುಕಬೇಕು. ಆದ್ದರಿಂದ ಅಂಕಣದ ಅಂಚಿನಲ್ಲಿ ಕೂರುವಾಗಲೂ ಪಂಕ್ತಿಭೇದ. ಕೊಟ್ಟು ತರುವ ಸಂಬಂಧ ಇದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ. ಭಾವ ಕರಿ ಪಾರ್ಟಿಯ ಹಿರಿಯರು.

ಅವರ ಮದುವೆಗೆ ಚಿತ್ರ ತೆಗೆಯಲು ಬಂದವನು ಬಿಳಿ ಲೆನ್ಸ್ ಹಿಡಿದಿದ್ದನಂತೆ. ತಾಳಿ ಕಟ್ಟುವ ಹೊತ್ತಿಗೆ ಅದನ್ನು ಕಂಡ ಭಾವ ಮುಖ ಆಚೆ ತಿರುಗಿಸಿಬಿಟ್ಟರು. ಆಲ್ಬಮ್ಮಿನ ತುಂಬ ಅವರ ಕಿವಿಯೊಂದೇ ಇದೆ! ಹೀಗೆಂದು ನಾನು ಎಷ್ಟೋ ಜನರನ್ನು ನಗಿಸಿದ್ದೇನೆ. ಇದನ್ನು ಬರೆಯುವ ಮುಂಚೆ ಆಲ್ಬಮ್ ತೆಗೆಸಿ ನೋಡಿದೆ. ಮುಖ ಪೂರ್ತಿ ಇದೆ. ನಗುವೂ ಇದೆ. ಅಕ್ಕನಿಗೆ ತೋರಿಸಿದರೆ, "ಇರ್ಲಿ ಬಿಡೋ, ಮುಖಕ್ಕಿಂತ ಕಿವೀನೇ ಚೆನ್ನಾಗೈತೆ" ಎಂದಳು. ಹಾಗಾಗಿ ನಮ್ಮ ಮನೆಯಲ್ಲಿ ಕಿವಿಯ ಕಥೆಯೇ ಚಾಲ್ತಿಯಲ್ಲಿದೆ.

ಬಿಳಿ ಪಾರ್ಟಿಯ ಮುಂದಾಳು ಭಾವನ ವಾರಿಗೆಯವರು. ಎಲ್ಲರೂ ಅವರನ್ನು ಊರ ಹೆಸರಿನಿಂದಲೇ ಹೊಳಲ್ಕೆರೆಯವರು ಎನ್ನುತ್ತಾರೆ. ಬೇಸಿಗೆಯಲ್ಲಿ ದುರ್ಗದ ಬಂಡೆಯೂ ಕಾಯುತ್ತದೆ, ಕಪ್ಪು ಲೆನ್ಸೂ ಕಾಯುತ್ತದೆ. ಅದಕ್ಕೆ ಭಾವ ಲೆನ್ಸಿಗೆ ಒದ್ದೆ ಟವೆಲ್ ಸುತ್ತುತ್ತಿದ್ದರು.

"ಏನಲೇ, ನಿನ್ ಲೆನ್ಸಿಗೆ ಜ್ವರ ಬಂದೈತಾ?" ಎಂದರು ಹೊಳಲ್ಕೆರೆಯವರು.

"ನಿಂದು ಹುಟ್ತಾನೇ ಬ್ಯಾಂಡೇಜ್ ಸುತ್ಕಂಡ್ ಬಂದೈತಲ್ಲ, ಅದನ್ ನೋಡ್ಕ ಮೊದ್ಲು" ಎಂದರು ಭಾವ.

ಇದು ನಡೆದದ್ದು ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ? ನನ್ನ ನೆನಪಿನಲ್ಲಿ ಎಲ್ಲ ಅಂಕಣಗಳೂ ಕಲಸಿ ಒಂದೇ ಆಗಿವೆ. ಬೈಗುಳಗಳು ಮಾತ್ರ ಬಿಡಿಬಿಡಿಯಾಗಿ ಉಳಿದಿವೆ.

ಕೊನೆಗೆ ಆ ಟವೆಲ್ಲೇ ಭಾವನ ಲೆನ್ಸನ್ನೂ ಕ್ಯಾಮೆರಾವನ್ನೂ ಕೊಂದಿತು. ಮಾರಿಕಣಿವೆಯ ಹತ್ತಿರ ವಾಲಿಬಾಲ್ ಪಂದ್ಯ. ಬಿಸಿಲು ಜೋರಾಗಿದೆಯೆಂದು ಟವೆಲ್ಲನ್ನು ಹಿಂಡದೆ ಸುತ್ತಿದ್ದರು. ನೀರು ಲೆನ್ಸನ್ನು ಹೊಕ್ಕು, ಅಲ್ಲಿಂದ ಕ್ಯಾಮೆರಾದ ಹೊಟ್ಟೆ ಸೇರಿತು. ರಿಪೇರಿಯವನು ಬಿಚ್ಚಿ ನೋಡಿ, "ಇದ್ರಾಗೆ ಮೀನು ಸಾಕಬಹುದು ಸಾರ್" ಎಂದ.

ಈಗ ಭಾವ ಏನು ಕೊಳ್ಳುತ್ತಾರೆ? ಈ ವಯಸ್ಸಿನಲ್ಲಿ ಒಮ್ಮೆ ಕೊಂಡರೆ ಕೆಲಸ ಬಿಡುವವರೆಗೂ ಅದೇ ಕ್ಯಾಮೆರಾ, ಅದೇ ಪಂಕ್ತಿ. ಕರಿ ಪಾರ್ಟಿಯ ಹೊಸದುರ್ಗದ ಗೆಳೆಯನೊಬ್ಬ ಮನೆಗೇ ಬಂದ.

"ಅಣ್ಣಾ, ಯೋಚ್ನೆ ಬಿಡ್ರಿ. ಬರೀ ಕ್ಯಾಮೆರಾ ಬಾಡಿ ತಗಳ್ರಿ ಸಾಕು. ನನ್ ಲೆನ್ಸು ನಿಮ್ದೇ ಅನ್ಕಳ್ರಿ."

ಭಾವ ಹೂಂ ಅಂದರು. ನಾವೂ ನಿಶ್ಚಿಂತರಾದೆವು.

ಆಮೇಲೆ ಜವನಗೊಂಡನಹಳ್ಳಿಯ ಕಬಡ್ಡಿಗೆ ಭಾವ ಬರಿಗೈಯಲ್ಲೇ ಹೊರಟರು; ನಾನೂ ಜೊತೆಗಿದ್ದೆ. ಅಷ್ಟರಲ್ಲಿ ಮೂರನೆಯ ಕಂಪನಿಯೊಂದರ ಹಗುರವಾದ, ಸದ್ದೇ ಮಾಡದ ಕ್ಯಾಮೆರಾ ಬಂದಿತ್ತು. ಬಿಳಿ ಪಾರ್ಟಿಯವರು ಒಬ್ಬೊಬ್ಬರಾಗಿ ಅತ್ತ ಹೋಗಿದ್ದರು. ಅದರ ಲೆನ್ಸೂ ಬಿಳಿಯೇ, ಆದರೆ ಹಳೆಯದಕ್ಕೆ ಕೂರುವುದಿಲ್ಲ. ಹಳೆಯದರಲ್ಲಿ ಉಳಿದವರು ಹೊಳಲ್ಕೆರೆಯವರೊಬ್ಬರೇ. ಅಂಕಣದ ಮೂಲೆಯಲ್ಲಿ ಒಂಟಿಯಾಗಿ ಕೂತಿದ್ದರು. ಕೊನೆಯ ರೈಡಿನ ಹೊತ್ತಿಗೆ ಅವರ ಬ್ಯಾಟರಿ ಮುಗಿಯಿತು. ಅಭ್ಯಾಸಬಲದಿಂದ ಎಡಗೈಯನ್ನು ಪಕ್ಕಕ್ಕೆ ಚಾಚಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಕೈಯನ್ನು ಹಿಂದಕ್ಕೆ ತಂದು, ಲೆನ್ಸಿಗೆ ಮುಚ್ಚಳ ಹಾಕಿ, ಪ್ರೇಕ್ಷಕರ ಹಾಗೆ ಆಟ ನೋಡತೊಡಗಿದರು. ನಾನು ನಗಲು ಸಿದ್ಧನಾಗಿ ಭಾವನ ಕಡೆ ತಿರುಗಿದೆ. ಅವರು ನಗಲಿಲ್ಲ.

ಮರುವಾರ ದುರ್ಗದ ಅಂಗಡಿಯಲ್ಲಿ ಭಾವ ಕರಿ ಕಂಪನಿಯ ಹೊಚ್ಚ ಹೊಸ ಬಾಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೆಳಗಿಟ್ಟರು.

"ಬಿಳಿಯವರ ಹಳೇದು ಐತೇನಪ್ಪ?"

"ಸೆಕೆಂಡ್ ಹ್ಯಾಂಡಾ ಸಾರ್? ಅದನ್ನ ಈಗ ಯಾರೂ ಕೇಳಲ್ಲ."

"ನಾನ್ ಕೇಳ್ತಾ ಇದೀನಲ್ಲ."

"ಏನ್ ಭಾವ ಇದು?" ಎಂದೆ ನಾನು, ಗಾಬರಿಯಿಂದ.

"ಕೈಗೆ ಚೆನ್ನಾಗಿ ಕೂರ್ತೈತೆ ಕಣಪ್ಪ."

ಅಂಗಡಿಯವನು ಅದನ್ನು ಇನ್ನೂ ಕಪಾಟಿನಿಂದ ಹೊರಗೇ ತೆಗೆದಿರಲಿಲ್ಲ!

ಹಿರಿಯೂರಿನ ಪಂದ್ಯದ ದಿನ ಕರಿ ಪಾರ್ಟಿಯವರು ಭಾವನಿಗೆ ನಡುವೆ ಜಾಗ ಬಿಟ್ಟುಕೊಂಡು ಕೂತಿದ್ದರು.

"ಬರ್ರಿ ಅಣ್ಣಾ, ಕುಂತ್ಕಳ್ರಿ" ಎಂದ ಹೊಸದುರ್ಗದವನು.

ಭಾವ ಅವನ ಭುಜ ತಟ್ಟಿ ಮುಂದೆ ಹೋದರು. ಮೂಲೆಯಲ್ಲಿ ಹೊಳಲ್ಕೆರೆಯವರು ಚೀಲವನ್ನೆಲ್ಲ ಹರಡಿಕೊಂಡು ಕೂತಿದ್ದರು.

"ಸರ್ಕ ಸ್ವಲ್ಪ" ಎಂದರು ಭಾವ.

"ಏನಲೇ, ದಾರಿ ತಪ್ಪಿದ್ಯಾ?" ಎನ್ನುತ್ತ ತಲೆಯೆತ್ತಿದ ಹೊಳಲ್ಕೆರೆಯವರು ಭಾವನ ಕೈಯಲ್ಲಿದ್ದುದನ್ನು ನೋಡಿದರು. ಇಸಿದುಕೊಂಡು ತಿರುಗಿಸಿ ನೋಡಿದರು. "ಇದನ್ಯಾಕ್ ತಗಂಡೆ? ಇದರ ಕಾಲ ಮುಗೀತು. ಚೆನ್ನಾಗಿ ಟೋಪಿ ಹಾಕವ್ರೆ ನಿಂಗೆ."

"ಹಾಕ್ಲಿ ಬಿಡು. ನನ್ನತ್ರ ಲೆನ್ಸ್ ಇಲ್ಲ. ಕೊಡ್ತೀಯೋ ಇಲ್ವೋ?"

ಹೊಳಲ್ಕೆರೆಯವರು ಬಾಯಿ ತೆರೆದರು. ಬೈಗುಳ ಬರುತ್ತದೆಂದು ಕಾದೆ. ಅವರೋ ಚೀಲದಿಂದ ತಮ್ಮ ಇನ್ನೊಂದು ಲೆನ್ಸ್ ತೆಗೆದು, ಧೂಳೇ ಇಲ್ಲದ ಅದರ ಗಾಜನ್ನು ಬಹಳ ಹೊತ್ತು ಒರೆಸಿದರು. ಆಮೇಲೆ ತಾವೇ ಅದನ್ನು ಭಾವನ ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿದರು.

ಅದು ಟಕ್ಕೆಂದು ಕೂತ ಸದ್ದು ನನಗೆ ಕೇಳಿಸಿತು ಎಂದು ಬರೆಯುವ ಆಸೆ. ಆ ಗದ್ದಲದಲ್ಲಿ ಕೇಳಿಸಿರಲಾರದು. ಆದರೆ ಹೊಳಲ್ಕೆರೆಯವರು ಚೀಲವನ್ನು ತೊಡೆಯ ಮೇಲೆಳೆದುಕೊಂಡು, ಸರಿದು ಜಾಗ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.