ಎದ್ದು ನಿಂತ ಸೀಟು

ಅಂದು ನೀರಿನ ಪೈಪು ಹೂಳಲೆಂದು ದೊಡ್ಡ ರಸ್ತೆಯನ್ನು ಅಗೆಯದೇ ಇದ್ದಿದ್ದರೆ ಗೇಟಪ್ಪನ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಅಗೆಯುವವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರು ಅಗೆದರು, ಅಡ್ಡಲಾಗಿ ಹಗ್ಗ ಕಟ್ಟಿದರು, ಟೀ ಕುಡಿಯಲು ಹೋದರು.

ಗೇಟಪ್ಪ ಎಂಬುದು ಅವನ ಹೆಸರಲ್ಲ. ಹೆತ್ತವರು ಇಟ್ಟ ಹೆಸರು ಲಕ್ಷಣವಾಗಿಯೇ ಇತ್ತು. ಆದರೆ ಹೆಂಡತಿ ತನ್ನ ದುಡಿಮೆಯಿಂದ ಕೊಂಡ ಹೊಸ ಕಾರನ್ನು ಮೊದಲ ಸಲ ಹೊರಗೆ ತೆಗೆದ ದಿನವೇ ಅವನು ಅದನ್ನು ಎದುರುಮನೆಯ ಹೆಡ್‌ಮಾಸ್ತರರ ಗೇಟಿನೊಳಕ್ಕೆ ನುಗ್ಗಿಸಿಬಿಟ್ಟ. ಗೇಟು ಮುಚ್ಚಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಒದ್ದಾಡುತ್ತಿದ್ದ ಹೆಡ್‌ಮಾಸ್ತರರಿಗೆ ಆ ಪ್ರಸಂಗ ಒಂದು ಹೊಸ ಪಾಠದಂತೆ ಸಿಕ್ಕಿತು. ಬೀದಿಯ ಪ್ರತಿ ಮನೆಗೂ ಹೋಗಿ ಅದನ್ನು ಒಪ್ಪಿಸಿ ಬಂದರು. ಗೇಟಪ್ಪ ಎಂದು ನಾಮಕರಣ ಮಾಡಿದವರೂ ಅವರೇ.

ತಮಾಷೆಯೆಂದರೆ ಅವನ ಕಸುಬೂ ಕಾರಿನದ್ದೇ. ಸೀಟ್ ಕವರ್ ಹೊಲೆಯುತ್ತಿದ್ದ. ಅಳತೆ ತೆಗೆಯುತ್ತಾ, ಅಂಚು ಎಳೆಯುತ್ತಾ ಅರ್ಧ ಆಯುಸ್ಸನ್ನು ಡ್ರೈವರ್ ಸೀಟಿನಲ್ಲೇ ಕಳೆದವನು. ಆದರೆ ಅವೆಲ್ಲ ನಿಂತ ಕಾರುಗಳು.

ಅಂದು ಬೆಳಿಗ್ಗೆ ಮನೆಯಲ್ಲಿ ಅದೇ ಮಾತು ಬಂದಿತ್ತು. ಅತ್ತೆಯವರನ್ನು ಸಂಜೆ ಗುಡ್ಡದಾಚೆಯ ಅವರ ತಂಗಿಯ ಮನೆಗೆ ಬಿಡಬೇಕಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಅವಳಿಗೆ ಸಂಜೆಯ ಡ್ಯೂಟಿ. ತಾನೇ ಬಿಟ್ಟು ಬರುತ್ತೇನೆ, ಕೀ ಕೊಡು ಎಂದು ಗೇಟಪ್ಪ ಧೈರ್ಯ ಮಾಡಿ ಕೇಳಿದ. ಹೆಂಡತಿ ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ, ಬಾಡಿಗೆ ಡ್ರೈವರ್‌ನ ನಂಬರು ಹುಡುಕತೊಡಗಿದಳು. ಅಳಿಯನ ಮನಸ್ಸು ನೋಯಿಸಬಾರದೆಂದು ಅತ್ತೆಯವರು ಮಾತ್ರ ಬಾಯಿಬಿಟ್ಟು ಹೇಳಿದರು.

"ಅಳಿಯಂದ್ರಿಗೆ ಯಾಕೆ ತೊಂದ್ರೆ? ನಾನು ನಡ್ಕೊಂಡೇ ಹೋಗ್ತೀನಿ ಬಿಡಮ್ಮ."

ಕಿಟಕಿಯಾಚೆ ಗುಡ್ಡ ಕಾಣುತ್ತಿತ್ತು. ಅದರ ಎತ್ತರ ನೋಡಿದಾಗ ಅತ್ತೆಯವರಿಗೆ ತನ್ನ ಮೇಲಿರುವ ಅಪನಂಬಿಕೆಯ ಎತ್ತರವೂ ಅವನಿಗೆ ತಿಳಿಯಿತು. ಬಹಳ ನೋವಾಯಿತು. ಜಗತ್ತಿನಲ್ಲಿ ಅವನಿಗೆ ಬೇಕಾಗಿದ್ದುದು ಒಂದೇ: ಹೆಂಡತಿ ತಾನಾಗಿ ಆ ಕೀಯನ್ನು ಅವನ ಕೈಯಲ್ಲಿಡಬೇಕು.

ನೋವಿನ ಜೊತೆಗೇ ಒಳಗೊಳಗೆ ಅವನಿಗೆ ನಗುವೂ ಬಂದಿತ್ತು. ಏಕೆಂದರೆ ಈ ನಡುವೆ ಅವನು ದಿನಾಲೂ ಕಾರು ಓಡಿಸುತ್ತಿದ್ದ, ಅದೂ ಯಾರ ಕಣ್ಣಿಗೂ ಬೀಳದಂತೆ.

ಊರಂಚಿನಲ್ಲಿ ಒಂದು ಸಂಶೋಧನಾ ಕೇಂದ್ರವಿತ್ತು. ತಾವೇ ಓಡುವ ಕಾರುಗಳು ಬಂದರೆ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಅಲ್ಲಿ ಅಧ್ಯಯನ ಮಾಡುತ್ತಿದ್ದರು. ಅಲ್ಲಿಂದ ಇವನ ಅಂಗಡಿಗೆ ಒಂದು ವಿಚಿತ್ರ ಆರ್ಡರು ಬಂತು. ಡ್ರೈವರ್ ಸೀಟು ಕಿತ್ತ ಜಾಗಕ್ಕೆ, ಒಳಗೆ ಒಬ್ಬ ಮನುಷ್ಯ ಹೊಕ್ಕು ಕೂರಬಹುದಾದಂಥ, ಹೊರಗಿನಿಂದ ಬರೀ ಖಾಲಿ ಸೀಟಿನಂತೆ ಕಾಣುವ ಕವರು ಬೇಕು. ಅಲ್ಲಿನ ಮೇಡಂ ಬಿಡಿಸಿ ಹೇಳಿದರು. ಕಾರಿಗೆ ತಾನೇ ಓಡುವುದು ಇನ್ನೂ ಬರುವುದಿಲ್ಲ. ಆದರೆ ಡ್ರೈವರಿಲ್ಲದ ಕಾರನ್ನು ಕಂಡ ಜನ ನಿಲ್ಲುತ್ತಾರೋ, ಓಡುತ್ತಾರೋ ಎಂಬುದನ್ನು ಈಗಲೇ ತಿಳಿಯಬೇಕು. ಅದಕ್ಕೆ ಒಬ್ಬ ಸೀಟಿನೊಳಗೆ ಅಡಗಿ ಕೂತು, ಸ್ಟಿಯರಿಂಗಿನ ಕೆಳ ಅಂಚನ್ನು ಹೊರಗೆ ಕಾಣದಂತೆ ಹಿಡಿದು ಓಡಿಸಬೇಕು.

ಈ ಕೆಲಸ ಕೇಳಿಕೊಂಡು ನುರಿತ ಡ್ರೈವರುಗಳು ಸಾಲುಸಾಲಾಗಿ ಬಂದರು. ಮೇಡಂ ಎಲ್ಲರನ್ನೂ ಒಂದು ಸುತ್ತು ಕಳಿಸಿ, ಬಂದ ದಾರಿಯಲ್ಲೇ ವಾಪಸು ಮಾಡಿದರು. ಗೇಟಪ್ಪ ಹೊಲಿಗೆ ಸರಿಯಿದೆಯೇ ನೋಡಲೆಂದು ಕವರನ್ನು ತಾನೇ ತೊಟ್ಟು ಕೂತಿದ್ದಾಗ, ನಿಮಗೆ ಕಾರು ಓಡಿಸೋಕೆ ಬರುತ್ತಾ ಎಂದು ಕೇಳಿದರು. ಸ್ವಲ್ಪ ಯೋಚಿಸಿ, ಓಡಿಸಿದ್ದೀನಿ ಎಂದ. ಅದು ಸುಳ್ಳಲ್ಲ. ಒಂದು ಸುತ್ತು ಮುಗಿಸಿ ಬಂದಾಗ ಮೇಡಂ ಮುಖ ಅರಳಿತ್ತು. ಹೆಂಡತಿಗೂ ಹೇಳಬಾರದು ಎಂಬ ಷರತ್ತಿನ ಮೇಲೆ ಕೆಲಸ ಅವನದಾಯಿತು.

ಅಂದಿನಿಂದ ಅವನಿಗೆ ತನ್ನ ಬಗ್ಗೆಯೇ ಬೆರಗು. ಸ್ಟಿಯರಿಂಗು ಎಷ್ಟು ನಯವಾಗಿ ತಿರುಗುತ್ತಿತ್ತೆಂದರೆ ತಿರುಗಿಸಬೇಕು ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಅದು ತಿರುಗಿರುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟರೆ ಸಾಕು, ಒತ್ತುವುದೇ ಬೇಡ. ಇಷ್ಟೊಂದು ವಿದ್ಯೆ ಇಷ್ಟು ವರ್ಷ ತನ್ನೊಳಗೆ ಎಲ್ಲಿ ಮಲಗಿತ್ತೋ ಎಂದು ಅವನು ತನ್ನ ಕೈಗಳನ್ನೇ ದಿಟ್ಟಿಸಿ ನೋಡಿಕೊಳ್ಳುತ್ತಿದ್ದ. ಗೇಟಿಗೆ ಗುದ್ದಿದ ತಪ್ಪು ಆ ಕಾರಿನದ್ದೇ ಇರಬೇಕು ಎಂದು ಮೆಲ್ಲಗೆ ನಂಬಿಕೆಯೂ ಬಂತು.

ಅಂದು ದೊಡ್ಡ ರಸ್ತೆಯ ಹಗ್ಗದ ಮುಂದೆ ಕಾರು ನಿಂತಾಗ, ಹಿಂದಿನ ಕಾರಿನಲ್ಲಿ ಬರುತ್ತಿದ್ದ ಮೇಡಂ ಇಯರ್‌ಫೋನಿನಲ್ಲಿ ಎಡಕ್ಕೆ ಹೋಗಿ ಎಂದರು. ಎಡಕ್ಕಿದ್ದುದು ಅವನದೇ ಬೀದಿ. ಬೇಡ ಎನ್ನಲು ಗೇಟಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಾರು ತಿರುಗಿಯಾಗಿತ್ತು.

ಬೀದಿಯ ತಲೆಯಲ್ಲೇ ಕವರಿನೊಳಗಿನ ಸ್ಪಂಜಿನ ಪುಡಿ ಮೂಗಿಗೆ ಹೋಯಿತು. ಸೀನು ಬಂತು. ತಡೆಹಿಡಿದ. ಎರಡು ಪಟ್ಟಾಗಿ ಬಂತು. ಕಣ್ಣು ಮುಚ್ಚಿ, ತಲೆ ಮೊಣಕಾಲಿಗೆ ಬಡಿಯುವಂತೆ ಸೀನಿದ. ಕಣ್ಣು ತೆರೆದರೆ ನಡುರಸ್ತೆಯಲ್ಲಿ ಒಂದು ನಾಯಿ ಕಾಲು ಚಾಚಿ ಮಲಗಿದೆ, ಅದರ ಬಾಲದಿಂದ ಗೇಣು ದೂರದಲ್ಲಿ ಕಾರು ನಿಂತಿದೆ. ನಾಯಿಗೆ ಎಚ್ಚರವೂ ಆಗಿರಲಿಲ್ಲ. ಗೇಟಪ್ಪನ ಮೈ ಜುಮ್ಮೆಂದಿತು. ಕಣ್ಣು ಮುಚ್ಚಿದ್ದರೂ ಕಾಲು ತನ್ನ ಕೆಲಸ ಮರೆತಿಲ್ಲ!

ಕಾರು ನಿಂತಲ್ಲಿಗೆ ಜನ ಬಂದರು. ಮೊದಲು ಬಂದವರು ಹೆಡ್‌ಮಾಸ್ತರರು. ಕಿಟಕಿಯೊಳಗೆ ಇಣುಕಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಇಣುಕಿದರು. ಖಾಲಿ ಸೀಟು, ಅದರ ಮುಂದೆ ತಾನಾಗಿ ಅಲುಗುತ್ತಿರುವ ಸ್ಟಿಯರಿಂಗು. ನಾಯಿ ಎದ್ದು ಹೋಗಿ ಕಾರು ಹೊರಟಾಗ ಅವರು ಪರೀಕ್ಷೆಗೆಂದು ಬೇಕೆಂದೇ ಅಡ್ಡ ಬಂದರು. ಕಾರು ನಿಂತಿತು. ಹಿಂದೆ ಸರಿದರು, ಹೊರಟಿತು. ಮತ್ತೆ ಒಂದು ಕಾಲು ಮುಂದಿಟ್ಟರು, ಮತ್ತೆ ನಿಂತಿತು. ಇಡೀ ಜೀವಮಾನದಲ್ಲಿ ಯಾವ ವಿದ್ಯಾರ್ಥಿಯೂ ಅವರಿಗೆ ಅಷ್ಟು ವಿಧೇಯನಾಗಿರಲಿಲ್ಲ.

"ಒಳಗೆ ಯಾರೂ ಇಲ್ಲ. ಆದ್ರೂ ಎಷ್ಟು ಮರ್ಯಾದೆ ನೋಡಿ," ಎಂದರು. ಆಮೇಲೆ ಅಭ್ಯಾಸಬಲದಿಂದ ಸೇರಿಸಿದರು: "ನಮ್ಮ ಗೇಟಪ್ಪನೂ ಓಡಿಸಿದ್ದ, ಒಳಗೆ ಯಾರೂ ಇಲ್ಲದ ಹಾಗೆ."

ಸೀಟಿನೊಳಗೆ ಗೇಟಪ್ಪ ಹಲ್ಲು ಕಚ್ಚಿಕೊಂಡ. ಅತ್ತೆಯವರೂ ಬಂದಿದ್ದರು. ದೊಡ್ಡವರೊಬ್ಬರನ್ನು ಮಾತಾಡಿಸುವಂತೆ ಸೆರಗು ಸರಿಮಾಡಿಕೊಂಡು ಕಾರಿನ ಹತ್ತಿರ ನಿಂತು, ಇದರಲ್ಲಾದರೆ ಗುಡ್ಡವೇನು, ಎಲ್ಲಿಗೆ ಬೇಕಾದರೂ ಕಣ್ಣು ಮುಚ್ಚಿಕೊಂಡು ಹೋಗುತ್ತೇನೆ ಎಂದರು. ಅದನ್ನೂ ಅವನು ನುಂಗಿಕೊಂಡ.

ಡ್ಯೂಟಿಗೆ ಹೊರಟಿದ್ದ ಹೆಂಡತಿ ಕೈಚೀಲ ಹಿಡಿದೇ ಬಂದು ಬಾನೆಟ್ಟಿನ ಮೇಲೆ ಮೆಲ್ಲಗೆ ಅಂಗೈಯಿಟ್ಟಳು. ಕಣ್ಣು ಇಷ್ಟಗಲ ಅರಳಿತ್ತು. ಕವರಿನಲ್ಲಿ ಕಣ್ಣಿಗೆಂದು ಹೊಲಿದಿದ್ದ ಜಾಲರಿಯ ಸಣ್ಣ ತೂತುಗಳಿಂದ ಗೇಟಪ್ಪ ಆ ಕಣ್ಣುಗಳನ್ನೇ ನೋಡಿದ. ಮದುವೆಯಾದಂದಿನಿಂದ ಅವಳು ತನ್ನನ್ನು ಒಂದು ಸಲವಾದರೂ ಹಾಗೆ ನೋಡಿದ್ದಳೇ ಎಂದು ಹುಡುಕಿದ, ನೆನಪಾಗಲಿಲ್ಲ.

"ಎಷ್ಟು ಚೆನ್ನಾಗಿ ಓಡಿಸುತ್ತೆ," ಎಂದಳು ಅವಳು, ತನಗೆ ತಾನೇ.

"ನಾನೇ ಕಣೇ ಓಡಿಸಿದ್ದು," ಎಂದಿತು ಸೀಟು.

ಬಾಗಿಲು ತೆರೆಯಿತು. ಡ್ರೈವರ್ ಸೀಟು ಒಂದು ಕಾಲನ್ನು ಹೊರಗಿಟ್ಟಿತು, ಆಮೇಲೆ ಇನ್ನೊಂದನ್ನು, ಆಮೇಲೆ ಸೊಂಟ ನೆಟ್ಟಗೆ ಮಾಡಿ ಎದ್ದು ನಿಂತಿತು. ಹೆಡ್‌ಮಾಸ್ತರರು ಹಿಂದೆ ಹಿಂದೆ ಸರಿಯುತ್ತಾ ಹೋಗಿ ತಮ್ಮದೇ ಗೇಟಿಗೆ ಬೆನ್ನು ಗುದ್ದಿಕೊಂಡರು. ಜಿಪ್ಪು ಸಿಕ್ಕಿಕೊಂಡು ಒಳಗಿನವನಿಗೆ ಹೊರಬರಲು ಆಗಲಿಲ್ಲ. ಹೆಂಡತಿ ಹತ್ತಿರ ಬಂದು ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದು ನಿಮ್ಮ ಹೊಲಿಗೆ ಅಲ್ವೇನ್ರೀ?" ಎಂದವಳೇ ಜಿಪ್ಪನ್ನು ಎಳೆದು ಬಿಡಿಸಿದಳು. ಒಳಗಿನಿಂದ ಬೆವರಿನಲ್ಲಿ ತೊಯ್ದ ಗಂಡ ಹೊರಬಂದ.

ಅವನು ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಎತ್ತರವಾದ. ನಾಯಿಯ ವಿಷಯ ಬಂದಾಗ ಕಣ್ಣು ಮುಚ್ಚಿಕೊಂಡೇ ನಿಲ್ಲಿಸಿದ್ದಾಗಿ ಹೇಳಿದ, ಅದೂ ಸುಳ್ಳಲ್ಲ. ಹೆಂಡತಿ ಬಾನೆಟ್ಟನ್ನು ನೋಡಿದ್ದ ಅದೇ ಕಣ್ಣುಗಳಿಂದ ಅವನನ್ನು ನೋಡಿದಳು. ಕೈಚೀಲದಿಂದ ಕಾರಿನ ಕೀ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

"ಅಮ್ಮನ್ನ ನೀವೇ ಬಿಟ್ಟು ಬನ್ನಿ. ಹಾಗೇ ದಾರೀಲಿ ನನ್ನನ್ನೂ ಆಸ್ಪತ್ರೆ ಹತ್ರ ಇಳಿಸಿ."

ಅತ್ತೆಯವರು ಗಂಟು ತರಲು ಒಳಗೆ ಓಡಿದರು. ಹೆಡ್‌ಮಾಸ್ತರರು ತಾವೂ ಗುಡ್ಡದವರೆಗೆ ಬರುವುದಾಗಿ ಹೇಳಿ ಚಪ್ಪಲಿ ಹಾಕಿಕೊಳ್ಳಲು ಹೋದರು. ಹೆಂಡತಿ ತಮ್ಮ ಕಾರಿನ ಶೆಡ್ಡಿನ ಬಾಗಿಲು ತೆಗೆಯಲು ಹೋದಳು.

ಆಗ ಹಿಂದಿನ ಕಾರಿನಿಂದ ಮೇಡಂ ಇಳಿದು ಬಂದರು. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕೆಲಸ ಹೋಯಿತು ಎಂದು ಗೇಟಪ್ಪ ತಲೆ ತಗ್ಗಿಸಿದ. ಮೇಡಂ ಬೈಯಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ಹೇಗೂ ನಿಮ್ಮ ಸರದಿ ಮುಗೀತು, ಅದಕ್ಕೇ ನಿಜ ಹೇಳ್ತೀನಿ. ಆ ಸ್ಟಿಯರಿಂಗೂ ಬ್ರೇಕೂ ಯಾವುದಕ್ಕೂ ಸೇರಿಸಿಲ್ಲ. ಇಷ್ಟು ದಿನ ಕಾರು ತಾನೇ ಓಡ್ತಿತ್ತು."

ಗೇಟಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಮತ್ತೆ ಬೀದಿ ಜನರನ್ನ ನೋಡೋದು?"

"ಅದು ಯಾವತ್ತೋ ಮುಗಿದಿದೆ. ನಾವು ನೋಡ್ತಿದ್ದದ್ದು ನಿಮ್ಮನ್ನ. ತಾನೇ ಓಡಿಸ್ತಿದ್ದೀನಿ ಅಂದುಕೊಂಡವನಿಗೆ ಅದು ತಾನಲ್ಲ ಅಂತ ಯಾವಾಗ ಗೊತ್ತಾಗುತ್ತೆ ಅನ್ನೋದೇ ನಮ್ಮ ಸಂಶೋಧನೆ."

"ಆ ನುರಿತ ಡ್ರೈವರುಗಳು?"

"ಮೊದಲನೇ ತಿರುವಲ್ಲೇ ಕಂಡುಹಿಡಿದುಬಿಟ್ರು. ಅವರಿಂದ ನಮಗೇನೂ ಉಪಯೋಗ ಇಲ್ಲ. ನೀವು ಮಾತ್ರ..." ಮೇಡಂ ಒಂದು ಮರ್ಯಾದೆಯ ಮಾತಿಗಾಗಿ ಹುಡುಕಿ, "ನಿಮ್ಮಂಥೋರು ಸಿಗೋದು ಬಹಳ ಕಷ್ಟ," ಎಂದರು.

ಅವನಿಗೆ ಕೊನೆಯ ಆಸೆಯೊಂದಿತ್ತು. "ನಾಯಿ?"

"ಕಾರು ನೋಡಿತು. ನೀವು ಸೀನ್ತಿದ್ರಿ."

ಈ ಮಾತು ಯಾರಿಗೂ ಹೇಳಬೇಡಿ, ನಾಳೆಯಿಂದ ಇನ್ನೊಬ್ಬರನ್ನು ಕೂರಿಸಬೇಕು ಎಂದು ಕೇಳಿಕೊಂಡು, ಅವನ ಹೆಗಲಿನಿಂದ ಸೀಟನ್ನು ಇಳಿಸಿಕೊಂಡು ಮೇಡಂ ಹೊರಟರು. ಬೀದಿಯವರ ಕಣ್ಣೆಲ್ಲ ಶೆಡ್ಡಿನ ಕಡೆಗಿದ್ದಾಗ ಮೇಡಂ ಹಿಂದೆಯೇ ಆ ಕಾರೂ ಹೊರಟಿತು. ಡ್ರೈವರ್ ಹಾಗಿರಲಿ, ಅದರಲ್ಲೀಗ ಡ್ರೈವರ್ ಸೀಟೂ ಇರಲಿಲ್ಲ. ಸೀಟಿದ್ದ ಜಾಗ ಬರಿದಾಗಿತ್ತು, ಅದರ ಮುಂದೆ ಸ್ಟಿಯರಿಂಗು ನಿಧಾನವಾಗಿ ಬಲಕ್ಕೆ ಹೊರಳಿತು. ನಾಯಿ ಮತ್ತೆ ಬಂದು ಮಲಗಿದ್ದ ಜಾಗದಲ್ಲಿ ಕಾರು ಒಂದು ಕ್ಷಣ ತಡೆದು, ಅದರ ನಿದ್ದೆ ಕೆಡದಂತೆ ಪಕ್ಕದಿಂದ ಸರಿದು ಮರೆಯಾಯಿತು. ಗೇಟಪ್ಪ ಬಾಯಿ ತೆರೆದು ನೋಡುತ್ತಲೇ ನಿಂತ. ಎಂಥ ಚಂದ ಎಂದು ಅವನ ಮನಸ್ಸು ಹೇಳಿತು. ಅದನ್ನು ತಾನು ಮಾಡಿದ್ದೆಂದು ನಂಬಿದ್ದನಲ್ಲ ಎಂದು ನಾಚಿಕೆಯೂ ಆಯಿತು.

"ರೀ, ಬನ್ನಿ," ಎಂದು ಹೆಂಡತಿ ಕೂಗಿದಳು.

ಶೆಡ್ಡಿನಲ್ಲಿ ಎಲ್ಲರೂ ಕೂತಾಗಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ, ಪಕ್ಕದಲ್ಲಿ ಹೆಡ್‌ಮಾಸ್ತರರು. ಮುಂದೆ ಅತ್ತೆಯವರು ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಮಾತಿಗೆ ತಪ್ಪದೆ, ಆಗಲೇ ಕಣ್ಣು ಮುಚ್ಚಿಕೊಂಡಿದ್ದರು. ಬೀದಿಯವರೆಲ್ಲ ಎರಡು ಸಾಲಾಗಿ ನಿಂತು ಕಾಯುತ್ತಿದ್ದರು. ನೇರ ಎದುರಿಗೆ ಹೆಡ್‌ಮಾಸ್ತರರ ಹೊಸ ಗೇಟು, ಹಸಿರು ಬಣ್ಣ ಬಳಿದುಕೊಂಡು ಮುಚ್ಚಿಕೊಂಡಿತ್ತು.

ಗೇಟಪ್ಪ ಕೂತ, ಕೀ ತಿರುಗಿಸಿದ. ಎಂಜಿನ್ನು ಗುರ್ರೆಂದಿತು. ಅವನು ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲೆ ಹಗುರವಾಗಿಟ್ಟು, ಉಸಿರು ಬಿಗಿಹಿಡಿದು, ಕಾರು ತಾನಾಗಿ ಹೊರಡಲಿ ಎಂದು ಕಾದ.