ಮಚ್ಚೆ ತೆಗೆದ ಮೇಲೆ

ಆ ಒಂದು ಮಚ್ಚೆ ಇಲ್ಲದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಸ್ಟುಡಿಯೋದವನು ಇಪ್ಪತ್ತು ವರ್ಷದಿಂದ ತೆಗೆದದ್ದೆಲ್ಲ ಪಾಸ್‌ಪೋರ್ಟ್ ಫೋಟೊಗಳೇ. ಎಲ್ಲವೂ ಅರ್ಜಿಗೆ ಅಂಟಿ, ಕಡತ ಸೇರಿದವು. ತನ್ನದೊಂದು ಚಿತ್ರ ಗೋಡೆ ಹತ್ತಬೇಕು ಎನ್ನುವುದೊಂದೇ ಪಾಪ ಅವನ ಆಸೆ. ಅದಕ್ಕೇ ಮೂರು ತಿಂಗಳು ಬೆಳಗಿನ ನಿದ್ದೆ ಬಿಟ್ಟು, ಕೆರೆ ದಂಡೆಯಲ್ಲಿ ಕೂತು ಒಂದು ಕಪ್ಪು-ಬಿಳುಪು ಚಿತ್ರ ತೆಗೆದಿದ್ದ. ಚಿತ್ರದ ತುಂಬ ಬಿಳಿ ಮಂಜು, ನಡುವೆ ಸಾಸಿವೆಯಷ್ಟು ಕಪ್ಪು ದೋಣಿ. ಅಷ್ಟೇ! ಊರಿನ ಫೋಟೊ ಸ್ಪರ್ಧೆಗೆ ಕೊಡಲು ಇವತ್ತು ಮಧ್ಯಾಹ್ನವೇ ಕೊನೆ, ಸಂಜೆ ಫಲಿತಾಂಶ. ಮೊದಲ ಬಹುಮಾನ ಬಂದ ಚಿತ್ರಕ್ಕೆ ಮಾತ್ರ ಸಭಾಂಗಣದ ಗೋಡೆ.

ಪ್ರಿಂಟ್ ಹಾಕಲು ಹೇಳಿ ಊಟಕ್ಕೆ ಹೋಗಿಬಂದ. ಸ್ಟುಡಿಯೋದಲ್ಲಿ ಫೋಟೊ ತಿದ್ದುವ ಅಕ್ಕ, ತನ್ನ ಕೆನ್ನೆಯದೊಂದನ್ನು ಬಿಟ್ಟು ಊರವರ ಮಚ್ಚೆಗಳನ್ನೆಲ್ಲ ಅಳಿಸುವವಳು, ನಗುನಗುತ್ತಾ ಪ್ರಿಂಟ್ ಚಾಚಿದಳು.

"ಮಧ್ಯ ಒಂದು ಮಚ್ಚೆ ಇತ್ತು ಅಣ್ಣ. ತೆಗೆದುಬಿಟ್ಟೆ."

"ಅಯ್ಯೋ! ಅದು ಮಚ್ಚೆ ಅಲ್ಲ ಅಕ್ಕಾ, ದೋಣಿ!"

"ದೋಣೀನಾ? ಮೊದಲೇ ಹೇಳ್ಬಾರ್ದಾ?"

ಗಲಾಟೆ ಕೇಳಿ ಪಕ್ಕದಂಗಡಿಯ ದರ್ಜಿ ಕತ್ತರಿ ಸಮೇತ ಬಂದು ಇಣುಕಿದ. "ಒಳ್ಳೆ ಕಾಗದ ಕಣಯ್ಯ. ಫೋಟೊ ಯಾವಾಗ ಬರುತ್ತೆ ಇದ್ರ ಮೇಲೆ?"

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. "ತಗೊಳ್ಳಿ ಅಕ್ಕ, ನೀವೇ ಇಟ್ಕೊಂಡು ಏನಾದ್ರೂ ಮಾಡ್ಕೊಳ್ಳಿ!" ಎಂದು ಪ್ರಿಂಟನ್ನು ಅವಳ ಮೇಜಿಗೆ ಎಸೆದ. ಮೂಲ ಚಿತ್ರ ಹುಡುಕಿದ. ಪ್ರಿಂಟರ್ ಎರಡು ಸಲ ಕೈಕೊಟ್ಟಿತು. ಅಕ್ಕ ಯಾವಾಗ ಎದ್ದುಹೋದಳೋ ನೋಡಲೂ ಇಲ್ಲ. ಕೊನೆಗೆ ದೋಣಿ ಇದ್ದ ಪ್ರಿಂಟ್ ಹಿಡಿದು, ದರ್ಜಿಯ ಚಪ್ಪಲಿ ಮೆಟ್ಟಿಕೊಂಡು ಓಡಿ, ಸಭಾಂಗಣದ ಬಾಗಿಲು ಹಾಕುವ ಹೊತ್ತಿಗೆ ಕೊಟ್ಟುಬಂದ.

ಸಂಜೆ ತೀರ್ಪುಗಾರರು ಅವನ ಹೆಗಲ ಮೇಲೆ ಕೈಯಿಟ್ಟರು.

"ಎರಡನೇ ಬಹುಮಾನ ನಿಮಗೇ ಕಣ್ರೀ. ಆದ್ರೆ ಆ ದೋಣಿಯಿಂದ ಚಿತ್ರ ಸ್ವಲ್ಪ ಗಿಜಿಗಿಜಿ ಆಯ್ತು. ಅಲ್ನೋಡಿ, ಅದು ಚಿತ್ರ ಅಂದ್ರೆ!"

ಗೋಡೆಯ ಮೇಲೆ ಅದೇ ಕೆರೆ, ಅದೇ ಮಂಜು. ದೋಣಿ ಮಾತ್ರ ಇಲ್ಲ. ಕೆಳಗೆ 'ಮಚ್ಚೆ ತೆಗೆದ ಮೇಲೆ' ಎಂದು ಬರೆದಿತ್ತು. ಪಕ್ಕದಲ್ಲಿ ಅಕ್ಕ ಅರ್ಜಿಯೊಂದನ್ನು ಹಿಡಿದು ನಿಂತಿದ್ದಳು.

"ಬೈಬೇಡಿ ಅಣ್ಣ. ಏನಾದ್ರೂ ಮಾಡ್ಕೊಳ್ಳಿ ಅಂದ್ರಿ, ಬಿಸಾಡೋಕೆ ಮನಸ್ಸು ಬರ್ಲಿಲ್ಲ. ಇಷ್ಟು ವರ್ಷ ನಾನು ಅಳಿಸಿದ್ದು ಯಾರ ಕಣ್ಣಿಗೂ ಬಿದ್ದಿಲ್ಲ ನೋಡಿ."

ಬೈಯಲು ಹೊರಟಿದ್ದವನು ಆ ಮಾತು ಕೇಳಿ, ಗೋಡೆಯ ಚಿತ್ರವನ್ನೇ ಇನ್ನೊಮ್ಮೆ ನೋಡಿದ.

"ಬಹುಮಾನ ತಗೊಳ್ಳೋಕೆ ಈ ಅರ್ಜಿಗೆ ನಂದೊಂದು ಪಾಸ್‌ಪೋರ್ಟ್ ಫೋಟೊ ಅಂಟಿಸ್ಬೇಕಂತೆ. ತೆಗೀತೀರಾ?" ಎನ್ನುತ್ತಾ ಅಕ್ಕ ಕೆನ್ನೆ ಮುಟ್ಟಿಕೊಂಡಳು. "ಮಚ್ಚೆ ಮಾತ್ರ ತೆಗೀಬೇಡಿ ಅಣ್ಣ. ನಾನೇ ಅಂತ ಗೊತ್ತಾಗಲ್ಲ."